ಟೆಸ್ಟ್ ಕೇಸ್ ತಯಾರಿಸುವ ವಿಧಾನಗಳನ್ನು ತೂಗಿ ನೋಡುವುದು ಹೇಗೆ?

ಕಾಸರಗೋಡು ಕಡೆಯ ಕಾಲೇಜು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ಓದುವಾಗ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಟೆಸ್ಟ್ ಕೇಸುಗಳನ್ನು (ಪ್ರೋಗ್ರಾಮಿಗೆ ಕೊಡುವ ಮಾದರಿ ಮೌಲ್ಯ ಮತ್ತು ಅದಕ್ಕೆ ಬರಬೇಕಾದ ಉತ್ತರ) ತಾವೇ ತಯಾರಿಸುವ ಎರಡು ಸಾಧನಗಳನ್ನು ಒಂದೊಂದು ಸಲ ಓಡಿಸಿ, ಯಾವುದು ಕೋಡಿನ ಹೆಚ್ಚು ಸಾಲುಗಳನ್ನು ಮುಟ್ಟಿತೋ ಅದೇ ಮೇಲು ಎಂದು ತೀರ್ಪು ಬರೆದಿರುತ್ತಾರೆ.

ಸರಿಯಾಗಿ ಹೋಲಿಸಬೇಕಾದರೆ ಮೊದಲು, ಸರಿಯುತ್ತರ ನಿಮಗೇ ಖಚಿತವಾಗಿ ಗೊತ್ತಿರುವ ಒಂದು ಚಿಕ್ಕ ಪ್ರೋಗ್ರಾಮನ್ನು ಆರಿಸಿಕೊಳ್ಳಿ. ಬದಿಯಡ್ಕದ ಅಡಿಕೆ ಖರೀದಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಎಂಬ ದರ್ಜೆಗಳಿವೆ. ಚೀಲದ ತೂಕ 65 ಕಿಲೋ ಮೀರಿದರೆ ಹೆಚ್ಚುವರಿ ಕೂಲಿ ಕಳೆಯಬೇಕೆಂಬ ನಿಯಮವಿದೆ ಎಂದಿಟ್ಟುಕೊಳ್ಳಿ.

ಅನಂತರ ವಿಧಾನಗಳು. ಗಡಿ ಮೌಲ್ಯದ ವಿಧಾನದಲ್ಲಿ 64,999, 65,000, 65,001 ಗ್ರಾಮುಗಳನ್ನು ನೀವೇ ಬರೆಯುತ್ತೀರಿ. ಒಂದರಿಂದ ಒಂದು ಲಕ್ಷ ಗ್ರಾಮಿನವರೆಗಿನ ಯಾವುದೋ ಸಂಖ್ಯೆಯನ್ನು ಯಾದೃಚ್ಛಿಕವಾಗಿ ಎತ್ತಿದರೆ ಸರಿಯಾಗಿ 65,000 ಸಿಗುವ ಸಾಧ್ಯತೆ ಲಕ್ಷಕ್ಕೆ ಒಂದು. ಇವೊಸೂಟ್‌ನಂತಹ ಹುಡುಕಾಟದ ಸಾಧನವು ಷರತ್ತಿಗೆ ಎಷ್ಟು ಹತ್ತಿರ ಬಂದೆವೆಂಬುದನ್ನು ಅಳೆಯುತ್ತಾ ಮುಂದುವರಿಯುತ್ತದೆ. 1976ರಲ್ಲಿ ಜೇಮ್ಸ್ ಕಿಂಗ್ ವಿವರಿಸಿದ ಸಾಂಕೇತಿಕ ನಿರ್ವಹಣೆಯಾದರೋ ಷರತ್ತನ್ನೇ ಸಮೀಕರಣವಾಗಿಸಿ ಬಿಡಿಸುತ್ತದೆ.

ಎಲ್ಲ ವಿಧಾನಗಳಿಗೂ ಒಂದೇ ಯಂತ್ರ, ಒಂದೇ ಕಾಲಾವಧಿ ಇರಲಿ. ಕೈಯಿಂದ ಬರೆದ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿ.

ಈಗ ಹೆಚ್ಚಿನವರು ಎಡವುವ ಹಂತ. ನಿಯಮ '65 ಮೀರಿದರೆ' ಎಂದಿದ್ದರೂ ಕೋಡ್ ಬರೆದವರು '65 ಆದರೂ' ಎಂದು ಬರೆದಿದ್ದಾರೆ ಎನ್ನಿ. ಸಾಧನವು ಇದೇ ಕೋಡಿನ ಮೇಲೆ ಓಡಿ, 65 ಕಿಲೋವನ್ನು ಕೊಟ್ಟು, ಕೋಡ್ ಕೂಲಿ ಕಳೆದದ್ದನ್ನು ಕಂಡು, ಅದನ್ನೇ 'ನಿರೀಕ್ಷಿತ ಉತ್ತರ' ಎಂದು ದಾಖಲಿಸುತ್ತದೆ. ಬಗ್ (ಕೋಡಿನ ತಪ್ಪು) ಇರುವ ಸಾಲನ್ನು ಮುಟ್ಟಿದ್ದಾಯಿತು, ಕವರೇಜ್ (ಟೆಸ್ಟುಗಳು ಮುಟ್ಟಿದ ಸಾಲುಗಳ ಪ್ರಮಾಣ) ಏರಿತು, ಟೆಸ್ಟುಗಳೆಲ್ಲ ಪಾಸಾದವು, ಬಗ್ ಇದ್ದಲ್ಲೇ ಉಳಿಯಿತು. ಆದ್ದರಿಂದ ಟೆಸ್ಟುಗಳನ್ನು ಸರಿಯಾದ ಕೋಡಿನಿಂದ ತಯಾರಿಸಿ, ಅವನ್ನು ತಪ್ಪು ಸೇರಿಸಿದ ಕೋಡಿನ ಮೇಲೆ ಓಡಿಸಿ, ಹಾಗೆ ಮಾಡಿದ್ದೇವೆಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಇದರಿಂದ ತಿಳಿಯುವುದು ಮುಂದೆ ಕೋಡ್ ಬದಲಾದಾಗ ನುಸುಳುವ ತಪ್ಪನ್ನು ಹಿಡಿಯುವ ಶಕ್ತಿ ಮಾತ್ರ. ಹೊಸ ಕೋಡಿನಲ್ಲಿ ಮೊದಲೇ ಇರುವ ತಪ್ಪನ್ನು ಹಿಡಿಯಬೇಕಿದ್ದರೆ, ನಿರೀಕ್ಷಿತ ಉತ್ತರವನ್ನು ಖರೀದಿಯ ನಿಯಮ ಬಲ್ಲವರೇ ಬರೆಯಬೇಕು. ಎಐ ಚಾಟ್‌ಗೆ ಕೋಡ್ ಅಂಟಿಸಿ ಟೆಸ್ಟ್ ಬರೆಸುವ ಅಡ್ಡದಾರಿಯಲ್ಲೂ ಇದೇ ಅಪಾಯವಿದೆ. ಕೋಡನ್ನಲ್ಲ, ನಿಯಮವನ್ನು ಕೊಡಿ. ಕವರೇಜ್ ಶೇಕಡಾವಾರನ್ನು ಹಸಿರು ಬಣ್ಣದಲ್ಲಿ ತೋರಿಸಿ ಸುಮ್ಮನಾಗುವ ಸಾಧನಗಳನ್ನು ಹೋಲಿಕೆಗೆ ಬಳಸಲೇಬೇಡಿ.

ತಪ್ಪುಗಳನ್ನು ಸೇರಿಸಲು ಮ್ಯುಟೇಶನ್ ವಿಧಾನವನ್ನೇ ನಾನು ಹೇಳುವುದು: ಒಂದು ಚಿಹ್ನೆಯನ್ನು ಬದಲಿಸಿ ಟೆಸ್ಟ್ ಅದನ್ನು ಹಿಡಿಯುತ್ತದೆಯೇ ಎಂದು ನೋಡುವುದು. 'ಮೀರಿದರೆ' ಎಂಬುದು 'ಆದರೂ' ಆದಾಗ ಹಿಡಿಯಬಲ್ಲ ತೂಕ 65,000 ಗ್ರಾಮ್ ಒಂದೇ.

ಮುಂದಿನದು ಪುನರಾವರ್ತನೆ. 2015ರ ಒಂದು ಅಧ್ಯಯನದಲ್ಲಿ ರಾಂಡೂಪ್, ಇವೊಸೂಟ್, ಅಜಿಟಾರ್‌ಒನ್ ಎಂಬ ಮೂರು ಸಾಧನಗಳನ್ನು 357 ನೈಜ ದೋಷಗಳ ಮೇಲೆ ಪ್ರಯೋಗಿಸಿದಾಗ, ಎಲ್ಲ ಓಟಗಳನ್ನು ಸೇರಿಸಿ ನೋಡಿದರೆ ಶೇ 55.7ರಷ್ಟು ದೋಷಗಳು ಸಿಕ್ಕಿದ್ದರೂ, ಬಿಡಿ ಬಿಡಿ ಟೆಸ್ಟ್ ಗುಚ್ಛಗಳಲ್ಲಿ ದೋಷ ಹಿಡಿದವು ಶೇ 19.9 ಮಾತ್ರ. ಅಂದರೆ ಒಂದೇ ಓಟವನ್ನು ನಂಬಿದವರ ಫಲಿತಾಂಶ ಅದೃಷ್ಟದ ಮೇಲೆ ನಿಂತಿರುತ್ತದೆ. ಬೇರೆ ಬೇರೆ ಬೀಜಸಂಖ್ಯೆಗಳಿಂದ (ಸಾಧನದ ಯಾದೃಚ್ಛಿಕ ಆಯ್ಕೆ ಶುರುವಾಗುವ ಸಂಖ್ಯೆ, ಸೀಡ್) ಕನಿಷ್ಠ 30 ಸಲ ಓಡಿಸಿ. ಅದಕ್ಕಿಂತ ಕಡಿಮೆಯಾದರೆ ನಾನು ವರದಿಯನ್ನು ಒಪ್ಪುವುದಿಲ್ಲ. ಸರಾಸರಿಯಷ್ಟನ್ನೇ ಬರೆಯದೆ, ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಮಾನ್–ವಿಟ್ನಿ ಪರೀಕ್ಷೆಯನ್ನೂ, ಒಂದು ವಿಧಾನ ಇನ್ನೊಂದನ್ನು ಮೀರಿಸುವ ಸಾಧ್ಯತೆ ಎಷ್ಟೆಂದು ಹೇಳುವ ವರ್ಘಾ–ಡೆಲೇನಿ ಅಳತೆಯನ್ನೂ ಕೊಡಿ. ಆ ಅಳತೆ 0.5ರ ಸುತ್ತಮುತ್ತ ಇದ್ದರೆ ಎರಡು ವಿಧಾನಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ನಮ್ಮ ಗಡಿನಾಡಿನವರು ಮರೆಯಬಾರದ ಇನ್ನೊಂದು ಸಂಗತಿ ಹೆಸರಿನ ಕಾಲಂ. ಇಲ್ಲಿ ಒಬ್ಬರ ಹೆಸರು ಕನ್ನಡದಲ್ಲಿ, ಇನ್ನೊಬ್ಬರದು ಮಲಯಾಳದಲ್ಲಿ ಬರುತ್ತದೆ. 'ಕಾಸರಗೋಡು' ಎಂಬುದು ಓದುವವರಿಗೆ ಐದು ಅಕ್ಷರ. ಕಂಪ್ಯೂಟರಿನ ಲಿಪಿಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಸಾಮಾನ್ಯವಾಗಿ 8 ಸಂಕೇತ, ಆ ಸಂಕೇತಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್–8ರಲ್ಲಿ 24 ಬೈಟ್. 20 ಬೈಟಿನ ಮಿತಿಯುಳ್ಳ ಕಾಲಂನಲ್ಲಿ ಅದು ನಡುವೆಯೇ ತುಂಡಾಗುತ್ತದೆ. ಇಂಥ ಹೆಸರುಗಳ ಪಟ್ಟಿಯೊಂದನ್ನು ಮಾಡಿ, ಹೊರಗಿನಿಂದ ಮಾದರಿ ತೆಗೆದುಕೊಳ್ಳಬಲ್ಲ ಪ್ರತಿ ಸಾಧನಕ್ಕೂ ಅದೇ ಪಟ್ಟಿಯನ್ನು ಕೊಡಿ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ನೀವು ಹೋಲಿಸಿದ್ದು ವಿಧಾನಗಳನ್ನಲ್ಲ, ಪಟ್ಟಿ ಇರುವುದನ್ನೂ ಇಲ್ಲದಿರುವುದನ್ನೂ.