ಅಂಕಿ ಹಿಡಿದು ತಪ್ಪು ಹೆಕ್ಕಿದ್ದು: ವಿಪರೀತ ಹವಾಮಾನದ ಪಠ್ಯ ತಿದ್ದಿದ ಅನುಭವ

ಪದವಿ ತರಗತಿಯ ಭೂಗೋಳ ಪಠ್ಯ, ಚಂಡಮಾರುತ–ಸಿಡಿಲು–ಆಲಿಕಲ್ಲುಗಳ ಮೇಲೆ. ಮರುಮುದ್ರಣಕ್ಕೆ ಮುಂಚೆ ತಿದ್ದಿಕೊಡಿ ಅಂದರು. ‘ವಾಕ್ಯ ಆಮೇಲೆ, ಮೊದಲು ಬರೀ ಅಂಕಿ ಓದ್ತೀನಿ’ ಅಂದೆ. ‘ಸಾರ್, ಇದೇನು ಲೆಕ್ಕದ ಪುಸ್ತಕವೇ?’ ಅಂತ ಸಂಪಾದಕರು ಒಪ್ಪಲಿಲ್ಲ. ಅಧ್ಯಾಯಕ್ಕೊಬ್ಬರಂತೆ ಮೇಷ್ಟ್ರುಗಳಿಗೆ ಹಂಚಿದರು. ಗೌರವಧನಕ್ಕೇ ಹತ್ತು–ಹನ್ನೆರಡು ಸಾವಿರ ಹೋಯಿತು. ತಿದ್ದಿ ಬಂದದ್ದು ಒತ್ತಕ್ಷರ, ಅಲ್ಪವಿರಾಮ. ಅಂಕಿಗಳನ್ನು ಯಾರೂ ಮುಟ್ಟಿರಲಿಲ್ಲ.

ಆಮೇಲೆ ನನ್ನ ದಾರಿಗೆ ಬಂದರು. ಪುಸ್ತಕದಲ್ಲಿದ್ದ ಅಂಕಿಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿದೆ: ಪುಟ, ಅಂಕಿ, ಅಳತೆಯ ಮಾನ, ಅಕ್ಕಪಕ್ಕದ ಪದ. ಸಾವಿರದ ಮೇಲೆ ಸಾಲು. ವಾಕ್ಯದೊಳಗೆ ಸಭ್ಯವಾಗಿ ಕೂತಿದ್ದ ತಪ್ಪುಗಳು ಒಂಟಿಯಾಗಿ ನಿಂತಾಗ ಎದ್ದು ಕಂಡವು. 1999ರ ಒಡಿಶಾ ಸೂಪರ್ ಸೈಕ್ಲೋನಿಗೆ ಗಂಟೆಗೆ 140 ಕಿ.ಮೀ. ಗಾಳಿ ಅಂತಿತ್ತು. ಅದು 140 ನಾಟ್! ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ., ಗುಣಿಸಿದರೆ 260 ಕಿ.ಮೀ. ಹತ್ತಿರ ಬರುತ್ತದೆ. ಇನ್ನೊಂದು ಕಡೆ, ಗುಡುಗುಮಳೆಯ ಮುಂಗಾಳಿ ಬೀಸಿದರೆ ಉಷ್ಣಾಂಶ ‘−6.7 ಡಿಗ್ರಿ ಇಳಿಯುತ್ತದೆ’. ಮೂಲದಲ್ಲಿ 20 ಡಿಗ್ರಿ ಫ್ಯಾರನ್‌ಹೀಟ್ ಇಳಿಕೆ. ಯಾರೋ 32 ಕಳೆದು ಸೆಲ್ಸಿಯಸ್ ಮಾಡಿದ್ದಾರೆ. ವ್ಯತ್ಯಾಸಕ್ಕೆ 32 ಕಳೆಯುವ ಹಾಗಿಲ್ಲ, ಬರೀ 5/9ರಿಂದ ಗುಣಿಸಬೇಕು, ಅದು ಸುಮಾರು 11 ಡಿಗ್ರಿ.

ಚಂಡಮಾರುತದ ಕೋಷ್ಟಕವಂತೂ ಕಲಬೆರಕೆ. ನಮ್ಮ ಹವಾಮಾನ ಇಲಾಖೆ ಮೂರು ನಿಮಿಷದ ಸರಾಸರಿ ಗಾಳಿ ಹಿಡಿಯುತ್ತದೆ, ಸೂಪರ್ ಸೈಕ್ಲೋನ್ 120 ನಾಟ್‌ನಿಂದ. ಅಮೆರಿಕದವರದು ಒಂದು ನಿಮಿಷದ ಸರಾಸರಿ, ಎಲ್ಲಕ್ಕಿಂತ ಜೋರಿನ ಐದನೇ ವರ್ಗ ಗಂಟೆಗೆ 252 ಕಿ.ಮೀ.ನಿಂದ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದರು. ಬೇರ್ಪಡಿಸಿ ಎರಡು ಕೋಷ್ಟಕ ಮಾಡಿಸಿದೆ. ಡಿಟಿಪಿಯವರು ಮುನಿಸಿಕೊಂಡರು, ಪುಟ ಜರುಗಿತು, ಅದಕ್ಕೆ ಬೇರೆ ದುಡ್ಡು.

ಎಕ್ಸೆಲ್‌ನ ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ತಪ್ಪು ತಾನಾಗಿ ಮೇಲೆ ಬರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಕೆಲವು ಪುಸ್ತಕ ಕೈಯಲ್ಲಿವೆ, ಅದು ನನ್ನ ಹೊಟ್ಟೆಪಾಡು.

ಸಿಡಿಲಿನ ಅಧ್ಯಾಯದಲ್ಲಿ ‘ಮಿಂಚಿದ ಎಷ್ಟು ಸೆಕೆಂಡಿಗೆ ಗುಡುಗು ಕೇಳುತ್ತದೋ ಅಷ್ಟು ಕಿಲೋಮೀಟರ್ ದೂರ’ ಎಂದಿತ್ತು. ಕಿಲೋಮೀಟರಿಗೆ ಮೂರು ಸೆಕೆಂಡು ಬೇಕು. ಸಂಪಾದಕರು ನಂಬಲಿಲ್ಲ. ಊರಾಚೆಯ ಕಲ್ಲುಕ್ವಾರಿಯಲ್ಲಿ ಬ್ಲಾಸ್ಟ್ ಮಾಡುವ ಹೊತ್ತಿಗೆ ಅವರನ್ನು ನಮ್ಮ ತಾರಸಿ ಹತ್ತಿಸಿದೆ. ಮ್ಯಾಪಿನಲ್ಲಿ ಎರಡು ಕಿ.ಮೀ. ಆಸುಪಾಸು. ಧೂಳೆದ್ದು ಆರು ಸೆಕೆಂಡಿಗೆ ಸದ್ದು ಬಂತು. ಮೂರು ಕಿ.ಮೀ. ದೂರದ ಸಿಡಿಲನ್ನು ಒಂಬತ್ತು ಅಂದುಕೊಂಡು ಹುಡುಗರು ಬಯಲಲ್ಲೇ ನಿಂತರೆ ಜೀವಕ್ಕೇ ಸಂಚಕಾರ ಅಂತ ಹೇಳಿದ ಮೇಲೆ ಆ ಪುಟಕ್ಕೆ ಒಂದು ಮಾತೂ ಆಡದೆ ಸಹಿ ಹಾಕಿದರು.

ಅಂಕಿಯಿಲ್ಲದ ತಪ್ಪಿಗೆ ಈ ದಾರಿ ನಡೆಯುವುದಿಲ್ಲ. ಬಂಗಾಳಕೊಲ್ಲಿಯ ಉಪಗ್ರಹ ಚಿತ್ರವೊಂದು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವುಮುರುವಾಗಿ ಅಚ್ಚಾಗಿತ್ತು: ನಮ್ಮ ಕಡೆ ಅಪ್ರದಕ್ಷಿಣೆಯಾಗಿ ಸುತ್ತಬೇಕಾದ ಚಂಡಮಾರುತ ಪ್ರದಕ್ಷಿಣೆಯಾಗಿ ಸುತ್ತುತ್ತಿದೆ, ಆಂಧ್ರದ ಕರಾವಳಿ ಬಲಗಡೆ! ಚಿತ್ರಗಳಿಗೆ ಬೇರೆಯೇ ಹಾಳೆ ಮಾಡಿಕೊಂಡೆ.

ಒಟ್ಟು ಎಂಬತ್ತರಷ್ಟು ತಪ್ಪು ಸಿಕ್ಕವು. ನನ್ನ ಸಂಭಾವನೆ ಮೇಷ್ಟ್ರುಗಳಿಗೆ ಕೊಟ್ಟದ್ದರ ಅರ್ಧ. ಮುಂದಿನ ಪುಸ್ತಕಕ್ಕೆ ಪುಟದ ಲೆಕ್ಕ ಬೇಡ, ಅಂಕಿಯ ಲೆಕ್ಕದಲ್ಲಿ ಕೊಡಿ ಅಂತ ಕೇಳಿದ್ದೇನೆ.