ಎಸ್‌ಡಿಎಂಸಿ ಚುನಾವಣೆಗೆ ನಾನು ನಿಂತದ್ದು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ, ಬಿಸಿಯೂಟ ಮುಗಿದೊಡನೆ ಒಂದು ಕಿಲೋಮೀಟರ್ ನಡೆದು ಮನೆಗೆ ಬಂದು, ಬಚ್ಚಲಿಗೆ ಹೋಗಿ, ಮತ್ತೆ ಓಡುತ್ತ ಶಾಲೆಗೆ ಹಿಂದಿರುಗುತ್ತಿದ್ದಳು. ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯ ಇಲ್ಲದಿರಲಿಲ್ಲ. ಅದಕ್ಕೆ ಬೀಗ ಹಾಕಿತ್ತು, ಬೀಗದ ಕೈ ಕಚೇರಿಯ ಬೀರುವಿನ ಮೇಲಿತ್ತು, ಹೋಗಿ ಕೇಳಲು ಮಕ್ಕಳಿಗೆ ನಾಚಿಕೆಯಾಗುತ್ತಿತ್ತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ ಆಗಿರುವ ಸಮಿತಿಗೆ, ನಿಲ್ಲಬೇಕೆಂದು ನಾನು ನಿಶ್ಚಯಿಸಿದ್ದು ಈ ಬೀಗದ ಕಾರಣಕ್ಕೆ.

ನಿಲ್ಲುವ ಮೊದಲು ಓದಿಕೊಂಡೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಈ ಸಮಿತಿಗಳು 2001ರಿಂದ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಅವಕ್ಕೆ ಕಾನೂನಿನ ಬಲ ಕೊಟ್ಟಿತು. ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕಷ್ಟು ಸ್ಥಾನ ಸಿಗಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಶಾಲೆಯ ಕಾರ್ಯನಿರ್ವಹಣೆಯನ್ನು ಗಮನಿಸುವುದು, ಶಾಲಾಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಸಮಿತಿಯ ಕೆಲಸ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂಬುದು ಅದೇ ಕಾಯ್ದೆಯ ಅನುಸೂಚಿಯಲ್ಲಿದೆ. ಈ ಪುಟಗಳನ್ನು ನಾನು ಜೆರಾಕ್ಸ್ ಮಾಡಿಸಿ ಚೀಲದಲ್ಲಿ ಇಟ್ಟುಕೊಂಡೆ, ಏಕೆಂದರೆ ಮುಂದೆ ಎರಡು ತಿಂಗಳು ನಾನು ಹೇಳಿದ ಮಾತನ್ನು ಜನ ನಂಬಿದ್ದು ಆ ಕಾಗದ ನೋಡಿದ ಮೇಲೆಯೇ.

ಆಮೇಲೆ ಹಳೆಯ ಸಮಿತಿಯ ನಡಾವಳಿ ಪುಸ್ತಕ ನೋಡಬೇಕೆಂದು ಕೇಳಿದೆ. ಹೊಸದಾಗಿ ಬಂದಿದ್ದ ಮುಖ್ಯೋಪಾಧ್ಯಾಯರು ಸ್ವಲ್ಪ ಹಿಂಜರಿದರೂ ಕೊಟ್ಟರು. ಮೂರು ವರ್ಷದ ಸಭೆಗಳ ಕೆಳಗೆ ಮಹಿಳಾ ಸದಸ್ಯರ ಸಹಿಗಳಿದ್ದವು. ಅವುಗಳಲ್ಲಿ ನಾಲ್ಕು ಒಂದೇ ನೀಲಿ ಶಾಯಿಯಲ್ಲಿ, ಬಲಕ್ಕೆ ವಾಲಿದ ಒಂದೇ ಅಕ್ಷರದಲ್ಲಿ ಇದ್ದವು. ಆ ನಾಲ್ವರಲ್ಲಿ ಒಬ್ಬಾಕೆ ನಮ್ಮ ಕೇರಿಯವರು, ಬ್ಯಾಂಕಿನಲ್ಲಿ ಇಂದಿಗೂ ಹೆಬ್ಬೆಟ್ಟು ಒತ್ತುವವರು. ತಾನು ಸಮಿತಿಯಲ್ಲಿ ಇದ್ದೆನೆಂಬುದೇ ಅವರಿಗೆ ಗೊತ್ತಿರಲಿಲ್ಲ. ನಾನು ಕೇಳಿದಾಗ ಅವರು ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು, ‘ನನ್ನ ಹೆಸರು ಬರೆದದ್ದು ಯಾರು?’ ಎಂದು ಎರಡು ಸಲ ಕೇಳಿದರು. ನನಗೆ ಸಿಕ್ಕ ಮೊದಲ ಮತ ಅವರದು.

ನಮ್ಮಲ್ಲಿ ಸಮಿತಿಯ ಆಯ್ಕೆಯೆಂದರೆ ನಾಲ್ಕು ಜನ ಹಿರಿಯರು ಕೂತು ಹೆಸರು ಬರೆದು ‘ಒಮ್ಮತ’ ಎಂದು ಘೋಷಿಸುವುದಾಗಿತ್ತು. ಚುನಾವಣೆ ಬೇಕೆಂದು ನಾನು ಲಿಖಿತವಾಗಿ ಕೊಟ್ಟಾಗ ಊರಿನಲ್ಲಿ ಜಗಳ ಹಚ್ಚುತ್ತಿದ್ದೇನೆಂಬ ಮಾತು ಬಂತು, ಅದರಿಂದ ನನಗೆ ನೋವೂ ಆಯಿತು. ಆದರೆ ಪೋಷಕರ ಸಭೆಯನ್ನು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಗೊತ್ತುಮಾಡಿದ್ದಾರೆಂದು ತಿಳಿದಾಗ ನನ್ನ ನಿಜವಾದ ಎದುರಾಳಿ ಆ ಹೊತ್ತೇ ಎಂದು ಅರ್ಥವಾಯಿತು. ಅದು ಅಡಿಕೆ ಕೊಯ್ಲಿನ ಕಾಲ. ಕೂಲಿ ಬಿಟ್ಟು ಹನ್ನೊಂದು ಗಂಟೆಗೆ ಶಾಲೆಗೆ ಬರುವ ತಾಯಿ ಒಬ್ಬಳೂ ಇರಲಿಲ್ಲ. ಮೂವತ್ತೊಂದು ಪೋಷಕರ ಸಹಿ ಹಾಕಿಸಿ, ಸಭೆಯನ್ನು ಭಾನುವಾರ ಮಧ್ಯಾಹ್ನಕ್ಕೆ ಮುಂದೂಡಬೇಕೆಂದು ಮನವಿ ಕೊಟ್ಟೆವು, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ತಲುಪಿಸಿದೆವು. ದಿನ ಬದಲಾಯಿತು. ನಾನು ಗೆದ್ದದ್ದು ಅಂದೇ ಎಂದು ಈಗಲೂ ನನ್ನ ಭಾವನೆ.

ಪ್ರಚಾರವನ್ನು ನಾನು ಮನೆಬಾಗಿಲಿನಲ್ಲಿ ಮಾಡಿದ್ದು ಕಡಿಮೆ, ಅಡಿಕೆ ಸುಲಿಯುವ ಚಪ್ಪರಗಳಲ್ಲಿ ಮಾಡಿದ್ದು ಹೆಚ್ಚು. ರಾತ್ರಿ ಊಟವಾದ ಮೇಲೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಹತ್ತೂವರೆ, ಹನ್ನೊಂದರವರೆಗೆ ಸುಲಿಯುತ್ತಾರೆ. ಸುಲಿದಷ್ಟಕ್ಕೇ ಕೂಲಿಯಾದ್ದರಿಂದ ಅವರ ಕೈ ನಿಲ್ಲಿಸಿ ಮಾತಾಡಿಸುವುದು ತಪ್ಪು. ನಾನೂ ಒಂದು ಮೆಟ್ಟುಗತ್ತಿ ಕೇಳಿ ಪಡೆದು, ಪಕ್ಕದಲ್ಲಿ ಕೂತು, ಸುಲಿದ ಅಡಿಕೆಯನ್ನು ಅವರ ಬುಟ್ಟಿಗೇ ಹಾಕುತ್ತ ಮಾತಾಡಿದೆ. ಭಾಷಣಕ್ಕೆ ಅಲ್ಲಿ ಜಾಗವಿರಲಿಲ್ಲ. ಒಂದೇ ಲೆಕ್ಕ ಹೇಳುತ್ತಿದ್ದೆ: ನಮ್ಮ ಶಾಲೆಯಲ್ಲಿ 118 ಮಕ್ಕಳಿದ್ದಾರೆ, ನೂರಕ್ಕಿಂತ ಹೆಚ್ಚು ಇನ್ನೂರೈವತ್ತರ ಒಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನವಿದೆ, ಅದರಲ್ಲಿ ಕನಿಷ್ಠ ಹತ್ತನೆಯ ಒಂದು ಪಾಲು ಸ್ವಚ್ಛತೆಗೆ ಮೀಸಲು, ಹಾಗಿದ್ದೂ ನಮ್ಮ ಹುಡುಗಿಯರು ಮನೆಗೆ ಓಡಿಬರುತ್ತಿದ್ದಾರೆ. ಇಷ್ಟು ಹೇಳಿದರೆ ಉಳಿದದ್ದನ್ನು ಅವರೇ ಮಾತಾಡುತ್ತಿದ್ದರು. ಯಾವ ಮಗು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದೆ, ಯಾವ ದೊಡ್ಡ ಹುಡುಗಿ ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುತ್ತಾಳೆ ಎಂಬುದೆಲ್ಲ ನನಗೆ ತಿಳಿದದ್ದು ಆ ಚಪ್ಪರಗಳಲ್ಲೇ.

ಅವರಲ್ಲಿ ಒಬ್ಬರು ತಗ್ಗಿದ ದನಿಯಲ್ಲಿ ಹೇಳಿದ ಮಾತು ನನ್ನ ಕಣ್ಣು ತೆರೆಸಿತು. ತೋಟದ ಯಜಮಾನರ ಕಡೆಯವರು ಎದುರಿಗೆ ನಿಂತಿರುವಾಗ, ಅವರ ಚಪ್ಪರದಲ್ಲೇ ಕೂಲಿ ಮಾಡುವವರು ನನ್ನ ಪರವಾಗಿ ಕೈ ಎತ್ತುವುದು ಹೇಗೆ? ಮರುದಿನವೇ ಮುಖ್ಯೋಪಾಧ್ಯಾಯರ ಬಳಿ ಹೋಗಿ ಚೀಟಿಯ ಮೂಲಕ ಮತದಾನ ಆಗಬೇಕೆಂದು ಕೇಳಿದೆ. ಓದು ಬಾರದವರ ಪ್ರಶ್ನೆಗೆ ಅವರೇ ಪರಿಹಾರ ಹುಡುಕಿದರು, ಅದಕ್ಕಾಗಿ ನಾನು ಅವರಿಗೆ ಋಣಿ: ನಲಿ-ಕಲಿ ತರಗತಿಯ ಮಿಂಚುಪಟ್ಟಿಗಳಿಂದ ಪ್ರತಿ ಅಭ್ಯರ್ಥಿಗೆ ಒಂದು ಚಿತ್ರ ಕೊಟ್ಟು, ಅದೇ ಚಿತ್ರವನ್ನು ಚೀಟಿಗಳ ಮೇಲೂ ಬರೆಸಿದರು. ನನಗೆ ಕೊಡೆ ಬಂತು.

ಆ ಭಾನುವಾರ ಎಪ್ಪತ್ತಕ್ಕೂ ಹೆಚ್ಚು ಪೋಷಕರು ಬಂದಿದ್ದರು. ಹದಿನೆಂಟು ಸ್ಥಾನಗಳಲ್ಲಿ ಹೆಚ್ಚಿನವು ಅವಿರೋಧವಾಗಿಯೇ ತುಂಬಿದವು, ನಾನು ನಿಂತ ಸ್ಥಾನಕ್ಕೆ ಮಾತ್ರ ಚೀಟಿ ಹಾಕಬೇಕಾಯಿತು, ಒಂಬತ್ತು ಮತಗಳ ಅಂತರದಲ್ಲಿ ಗೆದ್ದೆ. ಅಧ್ಯಕ್ಷ ಸ್ಥಾನ ನನಗೆ ಸಿಗಲಿಲ್ಲ. ಶಾಲೆಯ ಬ್ಯಾಂಕ್ ಖಾತೆಗೆ ಸಹಿ ಮಾಡುವವರು ಅಧ್ಯಕ್ಷರು ಮತ್ತು ಮುಖ್ಯೋಪಾಧ್ಯಾಯರಾದ್ದರಿಂದ ಅದು ಸಣ್ಣ ಕೊರತೆಯೇನಲ್ಲ. ಆದರೂ ಖರ್ಚಿನ ಪಟ್ಟಿ ಓದದೆ ನಡಾವಳಿಗೆ ಸಹಿ ಹಾಕುವುದಿಲ್ಲ ಎಂದು ಐದು ಮಂದಿ ತಾಯಂದಿರು ಒಟ್ಟಾಗಿ ಹೇಳಿದ ಮೇಲೆ ಪ್ರತಿ ಸಭೆಯಲ್ಲೂ ಪಟ್ಟಿಯನ್ನು ಗಟ್ಟಿಯಾಗಿ ಓದಲಾಗುತ್ತಿದೆ.

ಮೊದಲ ಸಭೆಯ ಮೊದಲ ಠರಾವು ಬೀಗದ್ದೇ ಆಗಿತ್ತು. ಬೀಗದ ಕೈಯನ್ನು ಎರಡನೆಯ ತರಗತಿಯ ಹುಡುಗಿಯೊಬ್ಬಳ ಕೈಗೆ ಎಟಕುವ ಎತ್ತರದಲ್ಲಿ, ಕಚೇರಿಯ ಹೊರಗೋಡೆಯ ಮೊಳೆಗೆ ತೂಗುಹಾಕಿದೆವು. ಎರಡು ವಾರ ಕಳೆದ ಮೇಲೆ ಶಾಲೆಯ ಸಮಯದಲ್ಲಿ ಬೀಗವೇ ಬೇಡವೆಂದಾಯಿತು. ನೀರಿನ ಪೈಪು ಹಾಕಿಸಲು ಗ್ರಾಮ ಪಂಚಾಯಿತಿಗೆ ಐದು ತಿಂಗಳು ಅಲೆಯಬೇಕಾಯಿತು. ಮಗಳು ಈಗ ಆರನೆಯ ತರಗತಿ. ಅವಳು ಶಾಲೆ ಬಿಟ್ಟ ದಿನ ನಾನೂ ಪೋಷಕಳಾಗಿ ಉಳಿಯುವುದಿಲ್ಲ, ಸಮಿತಿಯಲ್ಲೂ ಇರುವಂತಿಲ್ಲ. ಅದಕ್ಕಾಗಿ ಶನಿವಾರ ಸಂಜೆ ಇಬ್ಬರು ತಾಯಂದಿರ ಜೊತೆ ಕೂತು ನಡಾವಳಿ ಪುಸ್ತಕ ಓದುತ್ತಿದ್ದೇನೆ. ಅವರಲ್ಲಿ ಒಬ್ಬರು ಆ ಹೆಬ್ಬೆಟ್ಟಿನವರೇ. ಕಳೆದ ತಿಂಗಳ ಸಭೆಯಲ್ಲಿ ಅವರು ತಮ್ಮ ಹೆಸರನ್ನು ತಾವೇ ಬರೆದರು.