ಚೇಳುಕೊಂಡಿ ಗಿಡ ಬೀಜ ಕಟ್ಟುವ ಮೊದಲೇ ಕಿತ್ತುಬಿಡಿ

ನಮ್ಮ ಕೊಡಗಿನ ಸುಗ್ಗಿಹಬ್ಬ ಹುತ್ತರಿ ಮುಗಿದು ಗದ್ದೆ ಖಾಲಿಯಾದ ಮೇಲೆ, ತೇವ ಆರದ ಮೂಲೆಗಳಲ್ಲಿ ಮೊಣಕಾಲೆತ್ತರದ ಒಂದು ಕಳೆ ಏಳುತ್ತದೆ. ಅದೇ ಚೇಳುಕೊಂಡಿ ಗಿಡ. ಹೂವಿನ ಕಡ್ಡಿ ನೋಡಿದರೆ ಸಾಕು, ಹೆಸರು ಯಾಕೆ ಬಂತೆಂದು ತಿಳಿಯುತ್ತದೆ. ತುದಿ ಚೇಳಿನ ಬಾಲದ ಹಾಗೆ ಸುರುಳಿ ಸುತ್ತಿರುತ್ತದೆ. ಬುಡದ ಹೂ ಮೊದಲು ಅರಳುತ್ತದೆ. ಸುರುಳಿ ಬಿಚ್ಚಿದಂತೆಲ್ಲ ಮುಂದಿನವು. ಬಿಳಿ ಅಥವಾ ತಿಳಿ ನೇರಳೆಯ ಪುಟ್ಟ ಹೂಗಳು, ಕಡ್ಡಿಯ ಒಂದೇ ಬದಿಗೆ ಎರಡು ಸಾಲು. ಎಲೆ ಸುಕ್ಕು ಸುಕ್ಕು, ಕಾಂಡದ ತುಂಬ ಒರಟು ರೋಮ. ಬೊರಾಜಿನೇಸಿ ಕುಟುಂಬದ ಬಹಳ ಗಿಡಗಳಿಗೆ ಈ ರೋಮವೂ ಸುರುಳಿಯೂ ಇರುತ್ತವೆ. ಪುಸ್ತಕದಲ್ಲಿ ಇದರ ಹೆಸರು ಹೀಲಿಯೋಟ್ರೋಪಿಯಂ ಇಂಡಿಕಂ.

ಮಳೆಗಾಲದ ಕಕ್ಕಡ ತಿಂಗಳ 18ರಂದು ನಮ್ಮಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತೇವೆ. ಒಮ್ಮೆ ಆ ದಿನ ಮೊಮ್ಮಗ ಮದ್ದುಸೊಪ್ಪು ಕೊಯ್ಯಲು ಹೋಗಿ, ಹೂ ಬಿಡದ ಎಳೆ ಚೇಳುಕೊಂಡಿಯನ್ನೂ ಕಟ್ಟಿನಲ್ಲಿ ಸೇರಿಸಿ ತಂದಿದ್ದ. ಕೈಗೆ ಒರಟು ತಾಗಿತು, ತೆಗೆದು ಎಸೆದೆ. ಪಾಯಸಕ್ಕೆ ಬಿದ್ದಿದ್ದರೆ? ಈ ಗಿಡದಲ್ಲಿ ಪಿತ್ತಜನಕಾಂಗ ಕೆಡಿಸುವ ವಿಷ ಇದೆ. ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ, ಮತ್ತೆ ಮತ್ತೆ ತಿಂದರೆ ಒಳಗೊಳಗೇ ಹಾಳುಮಾಡುತ್ತದೆ. ಚೇಳು ಕುಟುಕಿದರೆ ಇದರ ರಸ ಹಚ್ಚಿ ಎನ್ನುವವರೂ ಇದ್ದಾರೆ. ಬಾಲ ಚೇಳಿನಂತಿದೆ ಅಂತ ಅದೇ ಮದ್ದಾಗಿಬಿಡುತ್ತದಾ? ಸುಮ್ನೆ ಆಸ್ಪತ್ರೆಗೆ ಹೋಗಿ. ಕಷಾಯ, ಪಲ್ಯ ಅಂತೂ ಬೇಡವೇ ಬೇಡ.

ದನಕ್ಕೆ ಹುಲ್ಲು ಕೊಯ್ಯುವಾಗಲೂ ಇದನ್ನು ಆರಿಸಿ ತೆಗೆಯಿರಿ. ಒಣಗಿಸಿದರೂ ವಿಷ ಹೋಗುವುದಿಲ್ಲ. ಮಳೆ ಬಿದ್ದ ಮರುದಿನ ಬೇರುಸಮೇತ ಸಲೀಸಾಗಿ ಬರುತ್ತದೆ. ರೋಮ ಚುಚ್ಚುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಬೀಜ ಕಟ್ಟಿದ್ದರೆ ಗೊಬ್ಬರದ ಗುಂಡಿಗೆ ಹಾಕಬೇಡಿ, ಮುಂದಿನ ವರ್ಷ ತರಕಾರಿ ಮಡಿಯಲ್ಲೆಲ್ಲ ಅದೇ.

ನಾನು ಮಾತ್ರ ಹಿತ್ತಲ ಬೇಲಿ ಹತ್ತಿರ, ದನ ಬಾರದ ಕಡೆ, ಒಂದು ಗಿಡ ಬಿಡುತ್ತೇನೆ. ನೀಲಿ ಗೆರೆಯ ಬ್ಲೂ ಟೈಗರ್ ಚಿಟ್ಟೆಗಳು ಅದಕ್ಕೆ ಮುತ್ತುತ್ತವೆ, ಜಾಸ್ತಿ ಗಂಡುಗಳೇ. ನಮಗೆ ವಿಷವಾದದ್ದೇ ಅವಕ್ಕೆ ಹೆಣ್ಣನ್ನು ಸೆಳೆಯುವ ವಾಸನೆ ಮಾಡಿಕೊಳ್ಳಲು ಬೇಕಂತೆ! ಕಾಯಿ ಬಲಿಯುವ ಮೊದಲೇ ಅದನ್ನೂ ಕಿತ್ತು ಬೇಲಿಗೇ ಸಿಕ್ಕಿಸುತ್ತೇನೆ. ಒಣಗಿದ ಗಿಡಕ್ಕೂ ಚಿಟ್ಟೆ ಬರುತ್ತವೆ.